ದಾಸುವಿಗೆ ಕಟ್ಟಿದ ಬೈರಾಸು

ಆಗೆಲ್ಲ ನಮ್ಮ ಕಡೆ ಕಾರು ಪ್ರಯಾಣವೆಂದರೆ ಹಿಡಿಸಿದಷ್ಟು ಜನ, ಮಡಿಲಿಗೊಂದು ಮಗು, ಕಾಲಡಿಗೊಂದು ಹಲಸಿನಕಾಯಿ. ನಿಮಗೂ ನೆನಪಿದ್ದೀತು. ನಾಯಿಯನ್ನು ಹತ್ತಿಸುವ ಮಾತು ಮಾತ್ರ ಯಾರ ಬಾಯಲ್ಲೂ ಬರುತ್ತಿರಲಿಲ್ಲ.

ನಾನು ಐದನೇ ಕ್ಲಾಸು ಮುಗಿಸಿದ ಬೇಸಗೆಯಲ್ಲಿ, ಮೇಷ್ಟರಾಗಿದ್ದ ಅಪ್ಪನಿಗೆ ಚಾರ್ಮಾಡಿಯಿಂದ ತೋಡಾರಿಗೆ ವರ್ಗವಾಯಿತು. ಅಪ್ಪ ಸಾಮಾನಿನ ಲಾರಿಯಲ್ಲಿ ಮುಂದೆ ಹೋದರು. ಅಮ್ಮನಿಗೂ ನನಗೂ ಶೇಖರಣ್ಣನ ಬಾಡಿಗೆ ಓಮ್ನಿ. ಒಂದು ಕಿವಿ ಮಡಚಿದ ನಮ್ಮ ಊರುನಾಯಿ ದಾಸುವನ್ನು ಕಂಡದ್ದೇ ಶೇಖರಣ್ಣ ಬಾಗಿಲಿಗೆ ಅಡ್ಡ ನಿಂತರು.

“ನಾಯಿಯಾ? ಆಗ್ಲಿಕ್ಕಿಲ್ಲ ಮಾರಾಯ್ರೆ. ತಿರುವಿನಲ್ಲಿ ನನ್ನ ಮೇಲೆ ಹಾರಿದ್ರೆ ಎಲ್ಲರೂ ಹೊಳೆಗೆ. ಇಲ್ಲೇ ಬಿಟ್ಟು ಹೋಗುವ, ಯಾರಾದ್ರೂ ಅನ್ನ ಹಾಕ್ತಾರೆ.”

ನನಗೆ ಅಳು ಒತ್ತರಿಸಿ ಬಂತು. ಅಮ್ಮ ಜಗ್ಗಲಿಲ್ಲ.

“ಹಾರದ ಹಾಗೆ ನಾನು ಮಾಡ್ತೇನೆ. ಅವನು ಬರದಿದ್ರೆ ನಾನೂ ಬರುವುದಿಲ್ಲ.”

ಚೀಲದಿಂದ ಅಪ್ಪನ ಬೈರಾಸನ್ನು, ಅಂದರೆ ಹೆಗಲಿಗೆ ಹಾಕುವ ಟವೆಲ್ಲನ್ನು ಎಳೆದು, ದಾಸುವಿನ ಮುಂಗಾಲುಗಳ ಹಿಂದಿನಿಂದ ಎದೆಗೆ ಸುತ್ತಿ ಬೆನ್ನ ಮೇಲೆ ಗಂಟು ಹಾಕಿದಳು. ಉಳಿದ ತುದಿಯನ್ನು ಹಿಂದಿನ ಸೀಟಿನ ಕಬ್ಬಿಣದ ಕಾಲಿಗೆ ಬಿಗಿದಳು.

“ಕುತ್ತಿಗೆಗೆ ಕಟ್ಟಿದ್ರೆ ಸಾಕಿತ್ತಲ್ಲ ಅಮ್ಮ?”

“ಬ್ರೇಕು ಹಾಕಿದ್ರೆ ಉರುಳಾಗ್ತದೆ ಮಗಾ. ಜೀಪಿನಲ್ಲಿ ಕರು ತರುವಾಗ ನಿನ್ನ ಅಜ್ಜಿ ಹೀಗೆಯೇ ಕಟ್ಟುತ್ತಿದ್ದದ್ದು.”

ವಾಂತಿಯಾದೀತೆಂದು ದಾಸುವಿಗೆ ಬೆಳಿಗ್ಗೆಯಿಂದ ಅನ್ನ ಕೊಟ್ಟಿರಲಿಲ್ಲ. ಪೆಟ್ರೋಲಿನ ವಾಸನೆಯ ನಡುವೆಯೂ ಬುತ್ತಿಯ ಕೊಟ್ಟಿಗೆಯ, ಅಂದರೆ ಹಲಸಿನೆಲೆಯಲ್ಲಿ ಬೇಯಿಸಿದ ಕಡುಬಿನ, ಪರಿಮಳ ಹಿಡಿದು, ಪಾಪ, ನನ್ನ ಲಂಗದ ಮೇಲೆಲ್ಲ ಜೊಲ್ಲು ಸುರಿಸಿದ. ಮುಂದೆ ಕೂತ ಅಮ್ಮ ಪ್ರತಿ ತಿರುವಿಗೂ ಕೂಗುತ್ತಿದ್ದಳು, “ಗಂಟು ಉಂಟಾ?” ನಾನು “ಉಂಟು!” ಎನ್ನುತ್ತಿದ್ದೆ. ಬೆಳ್ತಂಗಡಿ ತಲುಪುವಷ್ಟರಲ್ಲಿ ಅದೊಂದು ಆಟವೇ ಆಗಿಹೋಯಿತು.

ಗುರುವಾಯನಕೆರೆಯಲ್ಲಿ ಗೋಳಿಬಜೆ ಕಟ್ಟಿಸಲು ಇಳಿದೆವು. ಶೇಖರಣ್ಣ ಮಾತ್ರ ಇಳಿಯಲಿಲ್ಲ. “ನೀವು ಹೋಗಿ. ಮುಚ್ಚಿದ ಗಾಡಿಯಲ್ಲಿ ಇದು ಬೆಂದು ಹೋದೀತು,” ಎಂದು ಗಾಡಿಯನ್ನು ನೆರಳಿಗೆ ಒಯ್ದು, ಬಾಗಿಲು ತೆರೆದು, ಅಂಗೈಯಲ್ಲೇ ದಾಸುವಿಗೆ ನೀರು ಕುಡಿಸಿದರು.

ವೇಣೂರಿನ ಹತ್ತಿರ ಮತ್ತೊಂದು ತಿರುವು. ಅಮ್ಮ ಕೇಳಿದಳು. ನನ್ನ ಬಾಯಿತುಂಬ ಬಿಸಿ ಗೋಳಿಬಜೆ. “ಉಂಟು” ಎನ್ನಹೋದರೆ ನಾಲಿಗೆ ಹೊರಳದೆ “ಉಂತು!” ಎಂದು ಬಂತು. ತುಳುವಿನಲ್ಲಿ ಹಾಗೆಂದರೆ ‘ನಿಲ್ಲು’. ಶೇಖರಣ್ಣ ತುಳುವರು. ಹಿಂದೆ ಏನೋ ಅನಾಹುತವಾಯಿತೆಂದು ಬ್ರೇಕನ್ನು ಬಲವಾಗಿ ತುಳಿದೇಬಿಟ್ಟರು.

ನಾನು ಮುಂದಿನ ಸೀಟಿನ ಬೆನ್ನಿಗೆ ಮುಖ ಗುದ್ದಿಕೊಂಡೆ. ದಾಸು ಚಿಮ್ಮಿದ. ಬೈರಾಸು ಬಿಗಿಯಿತು. ಶೇಖರಣ್ಣನ ಕುತ್ತಿಗೆಗೆ ಒಂದು ಗೇಣು ಈಚೆ ಅವನು ತಡೆದು ನಿಂತು, ಕುಂಯ್ಗುಟ್ಟುತ್ತ ಹಿಂದಕ್ಕೆ ಕುಕ್ಕರಿಸಿದ.

“ನಿಲ್ಸು ಅಂತ ಹೇಳಿದ್ದು ಯಾರು?” ಶೇಖರಣ್ಣ ಕೇಳಿದರು.

“ನಾನು ಉಂಟು ಅಂತ ಹೇಳಿದ್ದು!”

ಶೇಖರಣ್ಣ ಇಳಿದರು. ಹಿಂದೆ ಬಂದು ದಾಸುವಿನ ಎದೆ, ಕಾಲು ಎಲ್ಲ ಮುಟ್ಟಿ ನೋಡಿದರು. “ಕಟ್ಟದಿದ್ರೆ ಇವ ಗ್ಲಾಸಿನ ಆಚೆ ಇರ್ತಿದ್ದ ಅಕ್ಕ,” ಎಂದರು. ಆಗಲೇ ನಾವು ನೋಡಿದ್ದು, ಡ್ಯಾಶ್‌ಬೋರ್ಡಿಗೆ ಬಡಿದು ಅಮ್ಮನ ಹಣೆ ನಿಂಬೆಕಾಯಿಯಷ್ಟು ಊದಿತ್ತು. ಅದನ್ನು ಒತ್ತಿ ಹಿಡಿದುಕೊಂಡೇ ಅವಳು ಹಿಂದೆ ತಿರುಗಿ ದಾಸುವನ್ನು ನೋಡಿ ನಕ್ಕಳು.

ದಾಸು ತೋಡಾರಿನಲ್ಲಿ ಮುದುಕನಾಗುವವರೆಗೂ ನಮ್ಮೊಡನಿದ್ದ. ಅಮ್ಮನಿಂದಾಗಿ ಸಿಕ್ಕಿದ ವರ್ಷಗಳು ಅವು. ಈಗ ಅವನಿಲ್ಲ, ಅಮ್ಮನೂ ಇಲ್ಲ. ನನ್ನ ಕಾರಿನಲ್ಲಿ ನಾಯಿಗೂ ಅಂಗಡಿಯಿಂದ ತಂದ ಸೀಟುಬೆಲ್ಟು ಉಂಟು, ನನಗೂ ಉಂಟು. ಕಟ್ಟಿಕೊಳ್ಳದಿದ್ದರೆ ಕಾರೇ ಗದರಿಸುತ್ತದೆ. ನಾಯಿಯನ್ನು ಅಷ್ಟು ಜೋಪಾನವಾಗಿ ಕಟ್ಟಿದ ಅಮ್ಮನನ್ನೂ ಕಟ್ಟಬೇಕಿತ್ತೆಂದು ಆ ದಿನ ಯಾರಿಗೂ, ಅವಳಿಗೂ, ಹೊಳೆದಿರಲಿಲ್ಲ. ಆ ತಿರುವು ಅವಳನ್ನು ಬರೀ ಒಂದು ಬುಗುಟಿನೊಂದಿಗೆ ನಮಗೆ ವಾಪಸು ಕೊಟ್ಟಿತು. ವೇಣೂರು ದಾಟುವಾಗೆಲ್ಲ ಅದಕ್ಕೆ ಕೈಮುಗಿಯುತ್ತೇನೆ, ಮನಸ್ಸಿನಲ್ಲೇ. ಸ್ಟೀರಿಂಗ್ ಬಿಟ್ಟರೆ ಅಮ್ಮ ಬೈದಾಳು.