ಆಡು ಮೂಸಿ ಬಿಟ್ಟ ಗಿಡ

೧೯೪೪ರ ಬೇಸಿಗೆಯಲ್ಲಿ ನಾನು ಯಲಬುರ್ಗಾ ಸೀಮೆಯಲ್ಲಿ ಸಲೋತ್ರಿಯಾಗಿದ್ದೆ. ನಿಜಾಮರ ಕಾಲದಲ್ಲಿ ದನದ ಡಾಕ್ಟರನ್ನು ಹಾಗೆ ಕರೆಯುತ್ತಿದ್ದರು. ವಯಸ್ಸು ಇಪ್ಪತ್ನಾಲ್ಕು, ಕೈಯಲ್ಲಿ ಹೊಸ ಸರ್ಟಿಫಿಕೇಟು, ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

ತಳಕಲ್ ಹತ್ತಿರದ ಒಂದು ಹಳ್ಳಿಯಲ್ಲಿ ಶಿವನಗೌಡರು ಬಾವಿ ನೀರಿನಲ್ಲಿ ಅರ್ಧ ಎಕರೆ ಟೊಮ್ಯಾಟೊ ಬೆಳೆದಿದ್ದರು. ಆ ಕಡೆ ಅದಕ್ಕೆ ಚಪ್ಪರಬದನಿ ಎನ್ನುತ್ತಾರೆ. ಹಣ್ಣೆಲ್ಲ ಗದುಗಿನ ಪೇಟೆಗೆ ಹೋಗಿ ಹಂಗಾಮು ಮುಗಿದಿತ್ತು. ಕಿತ್ತ ಗಿಡಗಳನ್ನು ಬದುವಿನ ಮೇಲೆ ಒಟ್ಟಿದ್ದರು. ಪ್ರತಿವರ್ಷ ಸುಡುತ್ತಿದ್ದರಂತೆ, ಆದರೆ ಆ ಸಲ ಬಣವೆಯಲ್ಲಿ ಮೇವು ತೀರುತ್ತ ಬಂದಿತ್ತು.

"ಇನ್ನೂ ಹಸರ ಅದಾವ್ರಿ. ಎತ್ತಿಗೆ ಹಾಕಿದ್ರ ನಡೀತೈತೇನ್ರಿ?" ಎಂದು ಗೌಡರು ಕೇಳಿದರು.

ಇದನ್ನು ನಾನು ಯಾವ ಪುಸ್ತಕದಲ್ಲೂ ಓದಿರಲಿಲ್ಲ. ಗೊತ್ತಿಲ್ಲ ಎನ್ನಲು ನಾಲಿಗೆ ಹೊರಳಲಿಲ್ಲ. "ಹಾಕ್ರಿ, ಹಸಿ ಮೇವು ಯಾಕ ಸುಡ್ತೀರಿ?" ಎಂದೆ.

ಊರಿನ ಸತ್ತ ದನಗಳನ್ನು ಎಳೆದು ಚರ್ಮ ಸುಲಿಯುವ ದುರಗಪ್ಪ ದೂರದಲ್ಲಿ ನಿಂತಿದ್ದ. "ಆಡು ಸೈತ ಮೂಸಿ ಬಿಟ್ಟೈತ್ರಿ ಸಾಹೇಬ್ರ. ದನಕ್ಕ ಬ್ಯಾಡ್ರಿ," ಎಂದ. ಆಡು ಮುಟ್ಟದ ಸೊಪ್ಪಿಲ್ಲ ಎನ್ನುವ ನಾಡಿನಲ್ಲಿ ಅದಕ್ಕಿಂತ ದೊಡ್ಡ ಸಾಕ್ಷಿ ಬೇಕಿರಲಿಲ್ಲ. ನಾನು ನಕ್ಕು, "ಸಲೋತ್ರಿ ನೀನೋ ನಾನೋ?" ಎಂದೆ. ಸುತ್ತಲಿನವರೂ ನಕ್ಕರು.

ಮೂರನೆಯ ದಿನ ಕರೆ ಬಂತು. ಗೌಡರ ಎರಡೂ ಎತ್ತುಗಳು ಜೊಲ್ಲು ಸುರಿಸುತ್ತ ತೂರಾಡುತ್ತಿದ್ದವು. ಎಣ್ಣೆ ಕುಡಿಸಿದೆ. ಒಂದು ಚೇತರಿಸಿಕೊಂಡಿತು, ಇನ್ನೊಂದು ಮಧ್ಯಾಹ್ನ ಸತ್ತಿತು. ಪೋಸ್ಟ್‌ಮಾರ್ಟಂ, ಅಂದರೆ ಸತ್ತ ದನವನ್ನು ಕೊಯ್ದು ಕಾರಣ ಹುಡುಕುವುದು, ನನ್ನ ಕೆಲಸ. ಕತ್ತಿ ಹಿಡಿದವನು ದುರಗಪ್ಪ. ಹೊಟ್ಟೆಯ ತುಂಬ ಅರೆಬರೆ ಅಗಿದ ಚಪ್ಪರಬದನಿ ಎಲೆ. ಅವನು ನನ್ನ ಮುಖ ನೋಡಿದ. ನಾನು ಕೈ ತೊಳೆಯಲು ಎದ್ದೆ.

"ವಿಷ ಏನ್ರಿ?" ದೂರದಲ್ಲಿ ಕಾಯುತ್ತಿದ್ದ ಗೌಡರು ಕೇಳಿದರು.

"ಹೌದ್ರಿ, ವಿಷ," ಎಂದೆ. ಯಾವ ವಿಷ ಎಂದು ಹೇಳಲಿಲ್ಲ.

"ಹಂಗಾರ ಚರ್ಮದ ಆಸೆಗೆ ಈ ದುರಗಪ್ಪನೇ ಹಾಕ್ಯಾನ. ಎತ್ತಿಗೆ ಕೇಡೈತಿ ಅಂತ ಇವಗ ಮೊದಲ ಹೆಂಗ ಗೊತ್ತಾತು?" ಗುಂಪಿನಲ್ಲಿ ಯಾರೋ ಎಂದರು. ಗಿಡದ ಮೇಲೆ ಯಾರಿಗೂ ಅನುಮಾನವಿರಲಿಲ್ಲ. ಸಲೋತ್ರಿಯೇ ಹಾಕಿ ಎಂದಿದ್ದನಲ್ಲ.

ಉಳಿದ ಎತ್ತು ಮತ್ತೆ ಅದನ್ನೇ ತಿಂದರೆ ಸಾಯುತ್ತಿತ್ತು. ಅದನ್ನು ಉಳಿಸಬೇಕಿತ್ತು, ನನ್ನ ಮರ್ಯಾದೆಯನ್ನೂ ಉಳಿಸಿಕೊಳ್ಳಬೇಕಿತ್ತು. "ಆ ಗಿಡಕ್ಕೂ ವಿಷ ಹಾಕಿರಬೇಕು, ಎಲ್ಲಾ ಸುಟ್ಟಬಿಡ್ರಿ," ಎಂದೆ. ಈ ಮಾತು ಬರೆಯುವಾಗಲೂ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ. ಗಿಡಗಳಿಗೆ ಬೆಂಕಿ ಇಟ್ಟರು. ದುರಗಪ್ಪನನ್ನು ಹೊಡೆದರು. ನಾನು ಸೈಕಲ್ ಹತ್ತಿದೆ. ವಾರದೊಳಗೆ ಅವನ ಮನೆಮಂದಿ ಊರು ಬಿಟ್ಟರು.

ಎರಡು ವರ್ಷದ ಮೇಲೆ ಗಂಗಾವತಿ ಸಂತೆಯಲ್ಲಿ ಅವನು ಮೂಟೆ ಹೊರುತ್ತಿದ್ದ. ಹತ್ತಿರ ಹೋಗಿ, "ತಪ್ಪು ನಂದು, ದುರಗಪ್ಪ," ಎಂದೆ.

"ಕತ್ತಿ ಹಿಡಿದಾವ ನಾನ ಅಲ್ರಿ? ನನಗ ಗೊತ್ತೈತಿ," ಎಂದ. "ಊರಾಗ ಹೇಳ್ರಿ."

ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನಬೇಕೆಂದು ಆ ಎತ್ತು ಕಲಿಸಿತು. ಮುಂದೆ ನೌಕರಿ ಮುಗಿಯುವವರೆಗೂ ಹಾಗೇ ನಡೆದುಕೊಂಡೆ, ಜನ ಮೆಚ್ಚಿಕೊಂಡರು. ದುರಗಪ್ಪ ಹೇಳಿದ್ದು ಅದಕ್ಕಿಂತ ಸುಲಭದ ಕೆಲಸ. ತಳಕಲ್ ಹಾದಿಯಲ್ಲಿ ಎಷ್ಟೋ ಸಲ ಓಡಾಡಿದೆ, ಒಮ್ಮೆಯೂ ಆ ಊರ ಕಡೆ ಸೈಕಲ್ ತಿರುಗಿಸಲಿಲ್ಲ. ಅಲ್ಲಿಯವರ ಪಾಲಿಗೆ ಆ ಎತ್ತಿಗೆ ವಿಷ ಹಾಕಿದವನು ಇವತ್ತಿಗೂ ದುರಗಪ್ಪನೇ.