ಮೊದಲ ಹೆಪ್ಪು

ಚನ್ನಗಿರಿಯಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ, ಚರ್ಚಿನಲ್ಲಿ ಬೋಧನೆ ಮಾಡುವ ಉಪದೇಶಿಗಳು, ನಾವು ಏನು ಹೇಳಿದರೂ ಅಂಗೈ ಅಡ್ಡ ಹಿಡಿದು, "ತಡೀರಿ, ಅದಕ್ಕೂ ಮುಂಚೆ?" ಎನ್ನುತ್ತಿದ್ದರು. ಸೂಳೆಕೆರೆ ತುಂಬಿತಂತೆ ಎಂದರೂ ಅದೇ ಪ್ರಶ್ನೆ.

ಬೈಬಲ್ಲಿನ ಹೀಬ್ರೂ ಸೃಷ್ಟಿಕಥೆ ಅವರಿಗೆ ಹಿಡಿಸಿದ ಚಟ ಅದು. ದೇವರು ಬೆಳಕನ್ನು ಕರೆಯುವ ಮೊದಲೇ ಅಲ್ಲಿ ಕತ್ತಲೂ ನೀರೂ ಇದ್ದವಲ್ಲ, ಅವು ಎಲ್ಲಿಯವು? ಏನೂ ಇಲ್ಲದಲ್ಲಿಂದಲೇ ದೇವರು ಎಲ್ಲವನ್ನೂ ಮಾಡಿದನೆಂದು ಭಾನುವಾರ ಹೇಳಬೇಕು, ಇಲ್ಲವಾದರೆ ಬೋಧನೆ ಬಿಡಬೇಕು ಎಂದು ಸಭೆಯ ಹಿರಿಯರು ತಾಕೀತು ಮಾಡಿದ್ದರು.

ಶನಿವಾರ ಸಂಜೆ ಹಾಲಿಗೆ ಹೆಪ್ಪು ಹಾಕಲು ಚೂರು ಮೊಸರು ಕೇಳಿಕೊಂಡು ಬಂದವರು ಇದನ್ನು ಹೇಳಿದರು. ಅಮ್ಮ ನಕ್ಕಳು.

"ಅಲ್ರೀ ಉಪದೇಶಿಗಳೇ, ಈ ಹೆಪ್ಪು ನಾನು ತವರಿಂದ ತಂದಿದ್ದು. ನಮ್ಮವ್ವ ಅವಳ ತವರಿಂದ ತಂದಿದ್ದು. ಮೊದಲ್ನೇ ಹೆಪ್ಪು ಯಾರ ಮನೇಲಿ ಇಸ್ಕಂಡ್ರಂತೆ?"

ಉಪದೇಶಿಗಳು ಕಟ್ಟೆಯ ಮೇಲೆ ಕುಳಿತೇಬಿಟ್ಟರು. "ತಂಗೀ, ನನ್ನ ಕೆಲಸಕ್ಕೆ ಕುತ್ತು ತಂದ್ಯಲ್ಲವ್ವ!"

ಭಾನುವಾರ ಸಭೆಯಲ್ಲಿ, "ಆ ನೀರು ಎಲ್ಲಿಂದ ಬಂತು ಅಂತ ಕಥೆ ಹೇಳಿಲ್ಲ. ಗೊತ್ತಿಲ್ದೆ ನಾನ್ಹೆಂಗೆ ಹೇಳ್ಲಿ?" ಎಂದರಂತೆ. ಬೋಧನೆ ಬೇರೆಯವರ ಪಾಲಾಯಿತು.

ಸೋಮವಾರ ಮತ್ತೆ ಬಟ್ಟಲು ಹಿಡಿದು ಬಂದರು. "ನನ್ ಮಾತಿಂದ ಹಿಂಗಾಯ್ತಲ್ರೀ..." ಎಂದು ಅಮ್ಮ ಬಾಗಿಲಲ್ಲೇ ಶುರುಮಾಡಿದಳು. ಅವರು ಅಂಗೈ ಅಡ್ಡ ಹಿಡಿದರು.

"ನಿಮ್ಮವ್ವ ತವರಿಂದ ತಂದ್ರು, ಸರಿ ತಂಗೀ. ಅದಕ್ಕೂ ಮುಂಚೆ?"