ಅತ್ತೆಯ ಮಡಿ, ನನ್ನ ಕರುಳು

ಮಡಿಯ ಮನೆಯಲ್ಲಿ ಸೊಸೆಯ ಹೊಟ್ಟೆ ಕೆಟ್ಟರೆ ಏನಾಗುತ್ತದೆ ಎಂಬುದು ಈಗಿನವರಿಗೆ ಹೇಳಿದರೂ ತಿಳಿಯಲಿಕ್ಕಿಲ್ಲ. ಒಮ್ಮೆ ಹಿತ್ತಲಿಗೆ ಹೋಗಿ ಬಂದರೆ ತಲೆಯ ಮೇಲೆ ನೀರು ಸುರಿದುಕೊಳ್ಳಬೇಕು, ಬೇರೆ ಸೀರೆ ಉಡಬೇಕು, ಆಮೇಲೆ ಅಡಿಗೆಮನೆ. ನಾನು ದಿನಕ್ಕೆ ಎಂಟು ಸಲ, ಹತ್ತು ಸಲ ಹೋಗುತ್ತಿದ್ದೆ. ಲಕ್ಷ್ಮೇಶ್ವರದ ನಮ್ಮ ಮನೆ ಗುಡಿಯ ಸೇವೆಯ ಮನೆ. ನೈವೇದ್ಯದ ಅಡಿಗೆ ಸೊಸೆಯ ಪಾಲಿನ ಕೆಲಸ. ಒಂದು ಹುಳಿ ಕುದಿಯುವುದರೊಳಗೆ ನಾಲ್ಕು ಸಲ ಮಿಂದ ದಿನಗಳಿವೆ. ಕಡೆಗೆ ಅತ್ತೆ ನನ್ನನ್ನು ಅಡಿಗೆಮನೆಯಿಂದ ಬಿಡಿಸಿದರು. ಕರುಣೆಯಿಂದ ಎಂದುಕೊಳ್ಳಬೇಡಿ, ಬಾವಿ ತಳ ಕಂಡಿತ್ತು.

ನಾನು ಮದುವೆಯಾಗಿ ಬಂದಾಗ ಲಕ್ಷ್ಮೇಶ್ವರ ಸಂಸ್ಥಾನದ ಊರು. ಮರುವರ್ಷ ಸ್ವಾತಂತ್ರ್ಯ ಬಂತು, ಅದರ ಹಿಂದೆಯೇ ಸಂಸ್ಥಾನ ಹೋಗಿ ನಾವು ಮುಂಬೈ ಸರ್ಕಾರದವರಾದೆವು. ಕನ್ನಡದವರೆಲ್ಲ ಒಂದಾಗುವುದು ಯಾವಾಗ ಎಂದು ಮಾವನವರು ಗೆಳೆಯರನ್ನು ಕೂಡಿಸಿಕೊಂಡು ಕಟ್ಟೆಯ ಮೇಲೆ ಗಂಟೆಗಟ್ಟಲೆ ವಾದ ಮಾಡುತ್ತಿದ್ದರು. ಆ ದಿನಗಳಲ್ಲೇ ನನ್ನ ಮಗಳು ಹುಟ್ಟಿದಳು. ಅವಳಿಗೆ ಹತ್ತು ತಿಂಗಳಾದಾಗ, ಹಿತ್ತಲಿಗೆ ಹೋದಲ್ಲಿ ನನಗೆ ಮೊದಲ ಸಲ ರಕ್ತ ಕಂಡಿತು.

ಊರ ವೈದ್ಯರು ಸಂಗ್ರಹಣಿ, ಅಂದರೆ ಹಳೆಯ ಭೇದಿ, ಎಂದರು. ನಲವತ್ತು ದಿನ ಬರೀ ಮಜ್ಜಿಗೆಯ ಮೇಲೆ ಇಟ್ಟರು. ನಾನು ಕಡ್ಡಿಯಾದೆ, ರಕ್ತ ನಿಲ್ಲಲಿಲ್ಲ. ಮುಂಡರಗಿಯಿಂದ ಕರೆಸಿದ ಇನ್ನೊಬ್ಬ ವೈದ್ಯರು ನಾಡಿ ಹಿಡಿದು ಬಹಳ ಹೊತ್ತು ಕಣ್ಣು ಮುಚ್ಚಿ ಕುಳಿತು, "ಕರುಳಿನ ಕ್ಷಯ ಇದ್ದರೂ ಇರಬಹುದು" ಎಂದುಬಿಟ್ಟರು. ಅಷ್ಟು ಸಾಕಾಯಿತು. ಮಾವನವರ ತಂಗಿ ಕ್ಷಯದಿಂದ ಹೋದವರು. ಅವರ ಹಿಂದೆಯೇ ಅವರ ಕೂಸೂ ಹೋಗಿತ್ತು. ಆ ಹೆದರಿಕೆ ಮಾವನವರ ಎದೆಯಿಂದ ಇಳಿದಿರಲಿಲ್ಲ.

"ಕ್ಷಯ ಅಂತ ಖಾತ್ರಿ ಆತಂದ್ರ ಕೂಸಿನ್ನ ಹಿರೇಹಂದಿಗೋಳಕ್ಕ ಕಳಸೋದ. ನನ್ನ ಮಗಳ ಮನ್ಯಾಗ ಬೆಳೀತದ. ತಾಯಿ ಅದನ್ನ ಮುಟ್ಟೂ ಹಾಂಗಿಲ್ಲ" ಎಂದರು.

ನನ್ನ ಗಂಡ ಸಾಲೀ ಮಾಸ್ತರರು. ಮಕ್ಕಳ ಮುಂದೆ ಗುಡುಗುವ ಆ ಮಹಾರಾಯರು ತಂದೆಯ ಮುಂದೆ ತುಟಿ ಪಿಟಕ್ಕೆನ್ನಲಿಲ್ಲ. ನನಗೆ ಸಿಟ್ಟು ನೆತ್ತಿಗೇರಿತು. ಆದರೆ ಯಾರ ಮೇಲೆ ತೀರಿಸಿಕೊಳ್ಳಲಿ? ಕೂಸನ್ನು ಅವುಚಿಕೊಂಡು ಕುಳಿತೆ.

ಅತ್ತೆಯೇ ಹಟ ಹಿಡಿದು ನನ್ನನ್ನು ಗದಗಿನ ಡಾಕ್ಟರರ ಕಡೆ ಕರೆದುಕೊಂಡು ಹೋದರು. ಡಾಕ್ಟರು ಒಕ್ಕಲುತನದ ಮನೆಯಿಂದ ಓದಿ ಮುಂದೆ ಬಂದವರು, ಮಾತು ನೇರ. ಹೊಟ್ಟೆ ಒತ್ತಿ ನೋಡಿ, "ಮುಂಜಾನಿ ಹೊರಕಡಿಗೆ ಹೋದದ್ದನ್ನ ಒಂದ್ ಶೀಶೆದಾಗ ಹಾಕ್ಕೊಂಡು, ಮದಲನೇ ಮೋಟಾರಿಗೇ ಬರ್ರಿ. ಅದನ್ನ ನೋಡದ ನಾ ಏನೂ ಹೇಳೂದಿಲ್ಲ" ಎಂದರು.

ಮರುದಿನ ಮುಂಜಾನೆ ಮನೆಯಿಂದ ಹೊರಡುವ ಮೊದಲು ಅತ್ತೆ ನನ್ನನ್ನು ಹಿತ್ತಲಲ್ಲಿ ನಿಲ್ಲಿಸಿದರು. ಕೈಯಲ್ಲಿ ಪಂಚಗವ್ಯದ ಬಟ್ಟಲು: ಆಕಳ ಹಾಲು, ಮೊಸರು, ತುಪ್ಪ, ಗಂಜಳ, ಸಗಣಿ ಕೂಡಿಸಿದ್ದು. ಮೈಲಿಗೆಯಾದ ಯಾವುದನ್ನೂ ಶುದ್ಧ ಮಾಡಲು ನಮ್ಮಲ್ಲಿ ಅದೇ.

"ಬೂಚು ತಗಿ. ಓದಿದ ದೊಡ್ಡ ಮನಷ್ಯಾರ ಕೈಯಾಗ ಕೊಡೂದು. ಹೊಲಸು ಹಾಂಗ ಕೊಡಬಾರದು" ಎಂದು ದೂರದಿಂದಲೇ ಐದು ಹನಿ ಶೀಶೆಯೊಳಗೆ ಬಿಟ್ಟರು.

ನನಗೂ ಅದು ಸರಿಯೆಂದೇ ಕಂಡಿತು ನೋಡಿ! ಹತ್ತೊಂಬತ್ತು ವರ್ಷ ಆ ನೀರಿನಲ್ಲೇ ಬೆಳೆದವಳು, ಬೇರೆ ಬುದ್ಧಿ ಎಲ್ಲಿಂದ ಬರಬೇಕು? ಶೀಶೆಯನ್ನು ಎಲೆಯಲ್ಲಿ ಸುತ್ತಿ ಬುಟ್ಟಿಯಲ್ಲಿಟ್ಟು ನಾನೇ ಹಿಡಿದುಕೊಂಡೆ. ಅತ್ತೆ ಮೋಟಾರಿನಲ್ಲಿ ನನ್ನಿಂದ ಎರಡು ಸಾಲು ಆಚೆ, ಸೆರಗು ಯಾರಿಗೂ ತಾಗದಂತೆ ಮುದುಡಿ ಕುಳಿತರು.

ಡಾಕ್ಟರು ಒಂದು ಹನಿಯನ್ನು ಗಾಜಿನ ಮೇಲೆ ಹಚ್ಚಿ ಹಿತ್ತಾಳೆಯ ಕೊಳವೆಯೊಳಗೆ ಇಣುಕಿದವರೇ, "ಸಿಕ್ವು! ಹುಳಾ ಸಿಕ್ವು! ಬರ್ರಿ ಬಾಯಾರ, ನೀವೂ ನೋಡ್ರಿ" ಎಂದು ನಮ್ಮನ್ನು ಕರೆದರು. ನಾನು ಒಂದು ಕಣ್ಣು ಮುಚ್ಚಿ ಬಗ್ಗಿದೆ. ಅಬ್ಬಬ್ಬಾ! ಬೆಳಕಿನ ಒಂದು ದುಂಡು, ಅದರೊಳಗೆ ಕಾಲಿಲ್ಲದ, ಕಣ್ಣಿಲ್ಲದ ಜೀವಗಳು ಸಂತೆಯ ಜನರಂತೆ ಅತ್ತಿತ್ತ ಓಡುತ್ತಿದ್ದವು. ಒಂದು ಹನಿಯಲ್ಲಿ ಇಷ್ಟೊಂದು ಸಂಸಾರವೇ ಎಂದು ನನಗೆ ನನ್ನ ನೋವೇ ಮರೆತುಹೋಯಿತು. ಅತ್ತೆಯೂ ನೋಡಿದರು. ನೋಡಿ, ಕೈ ಮುಗಿದರು.

"ಇದು ಆಮಶಂಕಿ. ಕ್ಷಯಾ ಅಲ್ಲ. ಹನ್ನೆರಡು ಇಂಜೆಕ್ಷನ್ ಮಾಡಿದ್ರ ಆತು" ಎಂದರು ಡಾಕ್ಟರು. ನಾನು ಅಲ್ಲಿಯೇ ಗೊಳೋ ಎಂದು ಅತ್ತುಬಿಟ್ಟೆ. ಕೂಸು ನನ್ನದಾಗಿ ಉಳಿಯಿತಲ್ಲ! ಹುಳಗಳ ಮೇಲೆ ಅಷ್ಟೊಂದು ಪ್ರೀತಿ ನನಗೆ ಮತ್ತೆಂದೂ ಬಂದಿಲ್ಲ.

ಗದಗಿನಲ್ಲಿ ಸಂಬಂಧಿಕರ ಮನೆಯಲ್ಲಿ ಉಳಿದು ಇಂಜೆಕ್ಷನ್ ಚುಚ್ಚಿಸಿಕೊಂಡೆ. ಆ ಮದ್ದಿಗೆ ಎದೆ ಡವಡವ ಹೊಡೆದುಕೊಳ್ಳುತ್ತಿತ್ತು, ಕೂತರೆ ಏಳಲಾಗುತ್ತಿರಲಿಲ್ಲ. ಏಳಾದವು, ರಕ್ತ ಮಾತ್ರ ನಿಲ್ಲಲಿಲ್ಲ. ನಡುವೆ ನಾಲ್ಕು ದಿನ ಊರಿಗೆ ಬಂದಾಗ ಅತ್ತೆ ದನದ ಕೊಟ್ಟಿಗೆಯಲ್ಲಿ ಸಗಣಿಯ ಮುಂದೆ ಕುಕ್ಕರಗಾಲಲ್ಲಿ ಕುಳಿತು ಅದನ್ನೇ ದಿಟ್ಟಿಸುತ್ತಿದ್ದರು.

"ಏ ಹುಡಿಗಿ, ಆ ಡಾಕ್ಟರ ತೋರಿಸಿದ ಹುಳ ಆಕಳ ಸಗಣ್ಯಾಗೂ ಇರ್ತಾವೇನ?"

ಅತ್ತೆ ಶೀಶೆಯೊಳಗೆ ಬಿಟ್ಟ ಐದು ಹನಿ ನೆನಪಾದವು. ಶೀಶೆಯಲ್ಲಿ ನಾವು ಕಂಡದ್ದು ನನ್ನ ಹುಳಗಳಲ್ಲ! ಆಮಶಂಕೆ ಅಲ್ಲವೆಂದಾದರೆ ಮುಂದೆ ಉಳಿಯುವುದು ಕ್ಷಯ. ಅತ್ತೆಯ ಮಡಿಯನ್ನೂ ನೋಡದೆ ಕಾಲು ಹಿಡಿದೆ.

"ಅತ್ಯಾ, ಯಾರ ಮುಂದೂ ಅನಬ್ಯಾಡ್ರಿ. ಉಳಿದ ಐದೂ ಚುಚ್ಚಿಸ್ಕೋತೀನಿ. ಕೂಸಿನ್ನ ಕಳಸ್ತಾರ್ರಿ."

"ಇಲ್ಲದ ಹುಳಕ್ಕ ಖರೇ ಸೂಜಿ ಚುಚ್ಚಿಸ್ಕೊಂಡು ನೀ ಸತ್ತರ, ಆ ಕೂಸಿಗೆ ತಾಯಿನ್ನ ನಾ ಎಲ್ಲಿಂದ ತರಲಿ?" ಎಂದರು ಅತ್ತೆ. ಮುದುಕಿಯ ಬಾಯಿ ಮುಚ್ಚಿಹೋಗಬಾರದೇ ಎಂದು ಮನಸ್ಸಿನಲ್ಲಿ ಶಪಿಸಿದೆ. ಖರೆ ಹೇಳುತ್ತೇನೆ, ಶಪಿಸಿದೆ.

ಈ ಸಲ ಗದಗಿಗೆ ಹೊರಟಾಗ ಹೊಸ ಶೀಶೆ ಅತ್ತೆಯ ಕೈಯಲ್ಲಿತ್ತು. ಎಲೆ ಇಲ್ಲ, ಬುಟ್ಟಿ ಇಲ್ಲ. ತುಂಬಿದ ಮೋಟಾರಿನಲ್ಲಿ ಜನರ ನಡುವೆ, ಉಡಿಯಲ್ಲಿಟ್ಟುಕೊಂಡು ಕುಳಿತಿದ್ದರು. ಶಿರಹಟ್ಟಿ ದಾಟಿದ ಮೇಲೆ ನನಗೆ ತಡೆಯಲಾಗಲಿಲ್ಲ. ಮೋಟಾರು ನಿಲ್ಲಿಸಿ, ಜೋಳದ ಹೊಲದ ಬದುವಿನಲ್ಲಿ ಅತ್ತೆ ತಮ್ಮ ಸೆರಗನ್ನು ಎರಡೂ ಕೈಯಿಂದ ಅಗಲಿಸಿ ನನಗೆ ಮರೆಯಾಗಿ ನಿಂತರು. ಒಳಗೆ ಯಾರೋ ಗೊಣಗಿದರು. "ಹೊಟ್ಟಿ ನಿಮಗಿಲ್ಲೇನ್ರಿ? ಸುಮ್ನ ಕುಂಡ್ರಿ!" ಎಂದು ಅತ್ತೆ ಅಲ್ಲಿಂದಲೇ ಗದರಿಸಿದರು. ಪರಪುರುಷರ ಮುಂದೆ ಆ ಹೆಂಗಸು ದನಿ ಎತ್ತಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ನಾನು ಬಾಯಿ ಬಿಟ್ಟುಕೊಂಡು ಅವರ ಬೆನ್ನನ್ನೇ ನೋಡಿದೆ.

ಐದು ಹನಿಯ ಸಂಗತಿ ಕೇಳಿ ಡಾಕ್ಟರು ಮೊದಲು ಕಣ್ಣಲ್ಲಿ ನೀರು ಬರುವಂತೆ ನಕ್ಕರು. ಆಮೇಲೆ ತಲೆ ಹಿಡಿದುಕೊಂಡು ಕುಳಿತರು. "ನಂದೂ ತಪ್ಪೈತ್ರಿ ಬಾಯಾರ. ಎಂಥಾ ಹುಳ ಅಂತ ಸರಿಯಾಗಿ ನೋಡದ ಕುಣದಾಡಿದೆ." ಹೊಸ ಶೀಶೆಯನ್ನು ಮೂರು ಸಲ ಪರೀಕ್ಷೆ ಮಾಡಿದರು. ಒಂದೂ ಹುಳ ಇರಲಿಲ್ಲ.

ಹುಬ್ಬಳ್ಳಿಗೆ ಕಳಿಸಿದರು. ಅಲ್ಲಿ ಸುಣ್ಣ ಕದಡಿದ ನೀರಿನಂಥದ್ದನ್ನು ಕುಡಿಸಿ ಹೊಟ್ಟೆಯ ಫೋಟೋ ತೆಗೆದರು, ಎದೆಯದನ್ನೂ ತೆಗೆದರು. ಗದಗಿನ ಡಾಕ್ಟರು ಆ ಕರಿಯ ಹಾಳೆಯನ್ನು ಕಿಟಕಿಗೆ ಹಿಡಿದು, "ನೋಡು ತಂಗಿ, ಇದು ನಿನ್ನ ಕರಳು" ಎಂದರು. ನಾನು ನೋಡಿದೆ. ನನ್ನ ಹೊಟ್ಟೆಯೊಳಗೆ ನಾನು ಕಾಣದ ದಾರಿ, ಮಡಿಕೆ, ತಿರುವು, ಎಲ್ಲ ಬೆಳ್ಳಗೆ ಹೊಳೆಯುತ್ತಿತ್ತು. ದಿನವೂ ನನ್ನನ್ನು ಕೊಲ್ಲುತ್ತಿದ್ದದ್ದು ಇಷ್ಟು ಚೆಂದ ಇದೆಯೇ ಎಂದು ಮೈ ಜುಮ್ಮೆಂದಿತು.

"ಕ್ಷಯಾ ಅನ್ನಾಕ ನನಗ ಧೈರ್ಯ ಇಲ್ಲ, ಅಲ್ಲ ಅನ್ನಾಕೂ ಇಲ್ಲ. ಎದಿ ಸ್ವಚ್ಛ ಐತಿ. ಕೆಮ್ಮಿಲ್ಲ, ಕೂಸಿಗೆ ಹತ್ತೂ ಹಾಂಗ ಕಾಣೂದಿಲ್ಲ. ಕರಳು ತಾನ ಬಾತು ತಾನ ಹುಣ್ಣಾಗೂ ಬ್ಯಾನಿ ಒಂದೈತಿ ಅಂತ ಪುಸ್ತಕದಾಗ ಓದೀನಿ, ಅದೂ ಇರಬಹುದು. ನನಗ ಗೊತ್ತಿಲ್ಲ" ಎಂದರು.

ದೊಡ್ಡ ಗಂಡಸೊಬ್ಬ ನನಗೆ ಗೊತ್ತಿಲ್ಲ ಎಂದು ಬಾಯಿಬಿಟ್ಟು ಹೇಳಿದ್ದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ. ನಮ್ಮ ಕಟ್ಟೆಯ ಮೇಲೆ ಕೂಡುವವರಿಗೆ ದಿಲ್ಲಿಯ ಮನಸ್ಸಿನಲ್ಲಿರುವುದೂ ಗೊತ್ತಿರುತ್ತಿತ್ತು! ನನಗೆ ಅವರ ಮೇಲೆ ಭಕ್ತಿ ಹುಟ್ಟಿತು. ಎಷ್ಟೋ ವರ್ಷಗಳ ಮೇಲೆ, ಕರ್ನಾಟಕ ಒಂದಾಗಿ ಹಳೆಯ ಮಾತಾದ ಮೇಲೆ, ಬೇರೆ ಡಾಕ್ಟರು ಅದನ್ನೇ ಕರುಳಿನ ಉರಿಯೂತ ಎಂದು ಕರೆದರು. ಅವರೂ ಕೊನೆಗೆ ಇರಬಹುದು ಎಂದೇ ಸೇರಿಸಿದರು.

ಮಾವನವರಿಗೆ ಆ ಭಕ್ತಿ ಬರಲಿಲ್ಲ. "ಗೊತ್ತಿಲ್ಲ ಅಂದ್ರ ಅದ ಅಂತನ ತಿಳಕೋಬೇಕು. ಒಂದು ಕೂಸಿನ್ನ ಹಿಂಗ ಕಳಕೊಂಡದ್ದು ಸಾಕು. ನಾಳೆ ಮಧ್ಯಾಹ್ನ ಗಾಡಿ ಬರ್ತದ" ಎಂದರು. ಕಡೆಯ ಮಾತಿಗೆ ಅವರ ದನಿ ನಡುಗಿತು. ಅದಕ್ಕೇ ನನಗೆ ತಿರುಗಿ ಜಗಳಾಡಲೂ ಆಗಲಿಲ್ಲ.

ಮರುದಿನ ನಾನು ಪಡಸಾಲೆಯ ಮೂಲೆಯಲ್ಲಿ ಎಲ್ಲರಿಂದ ದೂರ ಊಟಕ್ಕೆ ಕುಳಿತಿದ್ದೆ. ಮಗಳ ಅಂಗಿ, ಕುಂಚಿಗೆಗಳನ್ನು ಗಂಟು ಕಟ್ಟಿ ಆಗಿತ್ತು. ಎಲೆಯ ಮೇಲೆ ಕಲಸಿದ ಮೊಸರನ್ನವನ್ನು ಎರಡು ತುತ್ತಿಗೇ ಬಿಟ್ಟೆ. ಅಷ್ಟರಲ್ಲಿ ಅತ್ತೆ ನೈವೇದ್ಯ ಮುಗಿಸಿ, ಮಡಿಯ ಸೀರೆಯಲ್ಲೇ, ನೆಟ್ಟಗೆ ನನ್ನ ಮುಂದೆ ಬಂದು ಕುಳಿತರು. ನನ್ನ ಎಲೆಯನ್ನು ತಮ್ಮ ಕಡೆ ಎಳೆದುಕೊಂಡರು. ನಾನು ತಿಂದು ಬಿಟ್ಟ ಅನ್ನವನ್ನು, ನನ್ನ ಬೆರಳು ಮೂಡಿದ ಅನ್ನವನ್ನು, ತುತ್ತು ಮಾಡಿ ಬಾಯಿಗಿಟ್ಟರು.

ಮಾವನವರು ಬಾಗಿಲಲ್ಲೇ ನಿಂತುಬಿಟ್ಟರು. "ಏನ ಮಾಡ್ಲಿಕ್ಕತ್ತೀ?"

"ಹತ್ತೂದಿದ್ರ ಮದಲ ನನಗ ಹತ್ತಲಿ" ಎಂದರು ಅತ್ತೆ, ಬಾಯಲ್ಲಿ ಅನ್ನ ಇಟ್ಟುಕೊಂಡೇ. "ದಿನಾ ಆಕಿ ಎಂಜಲಾ ಉಣ್ತೀನಿ. ಒಂದು ವರ್ಷ ನೋಡ್ರಿ. ನನಗ ಏನರೆ ಆತಂದ್ರ ಕೂಸಿನ್ನ ಕರಕೊಂಡು ಹೋಗ್ರಿ. ಅಲ್ಲೀತನಕಾ ಗಾಡಿಯಂವಗ ಹೋಗಂತ ಹೇಳ್ರಿ."

ಅತ್ತೆ ಎಲೆಯನ್ನು ಒಂದಗುಳು ಬಿಡದಂತೆ ಬಳಿದು ತಿಂದರು. "ಉಪ್ಪ ಇಲ್ಲಲ್ಲ ಇದಕ್ಕ. ಹಿಂಗ ಸಪ್ಪನ್ನ ಉಂಡ್ರ ಮೈ ಹ್ಯಾಂಗ ಹಿಡೀತದ?" ಎಂದು ನನ್ನನ್ನೇ ಬೈದರು. ಆಮೇಲೆ ಕೈಯನ್ನೂ ತೊಳೆಯದೆ ಎದ್ದು ತೊಟ್ಟಿಲ ಕಡೆ ಹೋದರು, ಮಗಳನ್ನು ಎತ್ತಿಕೊಂಡು ಬಂದು ನನ್ನ ಮಡಿಲಲ್ಲಿ ಹಾಕಿದರು.